ಲಂಡನ್ ನೋಡುವ ಟಿಕೆಟ್ ದುಡ್ಡನ್ನು ನಾವು ಆಗಲೇ ಕಟ್ಟಿದ್ದೇವೆ

ಕಳೆದ ವಾರ ನಮ್ಮ ಓದುಗರೊಬ್ಬರು ಒಂದು ಪಾಂಪ್ಲೆಟ್‌ನ ಫೋಟೊ ಕಳಿಸಿದರು. ಮಂಡ್ಯ ಕಡೆಯ ರೈತರು. ಮಗಳು ಲಂಡನ್‌ನಲ್ಲಿ ನರ್ಸ್ ಆಗಿದ್ದಾಳೆ. ಮೊಮ್ಮಗುವನ್ನು ನೋಡಿಕೊಳ್ಳಲು ಅಪ್ಪ ಅವ್ವ ಇಬ್ಬರನ್ನೂ ನಾಲ್ಕು ತಿಂಗಳಿಗೆ ಕರೆಸಿಕೊಳ್ಳುತ್ತಿದ್ದಾಳೆ. ಪಾಂಪ್ಲೆಟ್ ಒಂದು ಟ್ರಾವೆಲ್ಸ್‌ನದು. 'ಮೂರು ದಿನದಲ್ಲಿ ಪೂರ್ತಿ ಲಂಡನ್' ಎಂದು ಮೇಲೆ ದಪ್ಪ ಅಕ್ಷರ. ಕೆಳಗೆ ಟವರ್ ಆಫ್ ಲಂಡನ್, ಲಂಡನ್ ಐ ಎಂಬ ದೊಡ್ಡ ಚಕ್ರ, ಮೇಣದ ಗೊಂಬೆಗಳ ಮನೆ, ಗಾಜಿನ ಗೋಪುರದ ತುದಿ, ಮೇಲ್ಛಾವಣಿ ಇಲ್ಲದ ಟೂರಿಸ್ಟ್ ಬಸ್ಸು. ಫೋಟೊ ಜೊತೆ ಒಂದೇ ಸಾಲು: "ತಗೊಳ್ಳೋದಾ, ಬೇಡ್ವಾ? ಓದಿರೋರು ನೀವು ಹೇಳಿ."

ಬೇಡ ಯಜಮಾನ್ರೇ. ಯಾಕೆ ಬೇಡ ಎಂದು ವಾಟ್ಸಾಪಿನಲ್ಲಿ ಎರಡು ಸಾಲಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಇದೇ ಪ್ರಶ್ನೆ ಇನ್ನೂ ಎಷ್ಟೋ ಮನೆಗಳಲ್ಲಿ ಇರುತ್ತದೆ. ಹಾಗಾಗಿ ಇಲ್ಲೇ ಬರೆಯುತ್ತಿದ್ದೇವೆ. ನಮ್ಮ ಬಳಗದಲ್ಲಿ ಇಬ್ಬರು ಲಂಡನ್‌ಗೆ ಹೋಗಿ, ಕೈಯಲ್ಲಿ ಕಾಸಿಲ್ಲದೆ ನಡೆದು ನಡೆದು ನೋಡಿ ಬಂದವರು. ಉಳಿದವರು ಓದಿ ತಿಳಿದವರು. ಎಲ್ಲರೂ ಕೂತು ಮಾತಾಡಿ ಒಂದೇ ತೀರ್ಮಾನಕ್ಕೆ ಬಂದಿದ್ದೇವೆ: ಲಂಡನ್‌ನಲ್ಲಿ ನೋಡಲೇಬೇಕಾದ್ದರಲ್ಲಿ ಮುಕ್ಕಾಲು ಪಾಲಿಗೆ ಟಿಕೆಟ್ಟೇ ಇಲ್ಲ. ಅದರ ದುಡ್ಡನ್ನು ನೀವು, ನಿಮ್ಮ ಮಗಳು, ನಿಮ್ಮ ತಾತ ಮುತ್ತಾತಂದಿರು ಆಗಲೇ ಕಟ್ಟಿ ಆಗಿದೆ.

ಮೊದಲು ಲೆಕ್ಕ

ಪಾಂಪ್ಲೆಟ್‌ನಲ್ಲಿರುವ ದೊಡ್ಡ ಜಾಗಗಳ ಟಿಕೆಟ್ ಒಬ್ಬರಿಗೆ ಹೆಚ್ಚುಕಡಿಮೆ 30 ಪೌಂಡ್. ಕೆಲವಕ್ಕೆ ಇನ್ನೂ ಜಾಸ್ತಿ. ಪೌಂಡಿಗೆ 110 ರೂಪಾಯಿ ಎಂದೇ ಹಿಡಿಯಿರಿ. ಐದು ಜಾಗ, ಇಬ್ಬರು ಜನ ಎಂದರೆ 300 ಪೌಂಡ್, ನಮ್ಮ ದುಡ್ಡಲ್ಲಿ 33,000 ರೂಪಾಯಿ. 2025–26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಒಬ್ಬ ಆಳಿನ ಸುಮಾರು 90 ದಿನದ ಕೂಲಿ. ಇದರಲ್ಲಿ ವಿಮಾನದ ಚಾರ್ಜು, ಊಟ, ಟ್ರಾವೆಲ್ಸ್‌ನವರ ಕಮಿಷನ್ ಸೇರಿಲ್ಲ. ವೀಸಾ ಶುಲ್ಕವೂ ಸೇರಿಲ್ಲ. ಅದೇ ಒಬ್ಬರಿಗೆ 100 ಪೌಂಡ್‌ಗಿಂತ ಮೇಲಿದೆ, ಅರ್ಜಿ ತಿರಸ್ಕಾರವಾದರೆ ವಾಪಸ್ ಬರುವುದಿಲ್ಲ.

ಈ 33,000 ಕೊಟ್ಟು ಸಿಗುವುದೇನು? ಚಕ್ರದಲ್ಲಿ ಅರ್ಧ ಗಂಟೆ ಒಂದು ಸುತ್ತು. ಸಿನಿಮಾ ನಟರ ಮೇಣದ ಗೊಂಬೆಯ ಹೆಗಲ ಮೇಲೆ ಕೈ ಹಾಕಿ ಒಂದು ಫೋಟೊ. ಕೋಹಿನೂರ್ ವಜ್ರದ ಮುಂದೆ ಜನರ ಸಾಲಿನಲ್ಲಿ ಒಂದು ನಿಮಿಷ.

ದುಡ್ಡು ಕೊಟ್ಟು ನೋಡುವುದರಲ್ಲಿ ಇನ್ನೊಂದು ತಾಪತ್ರಯ ಇದೆ. ಕೊಟ್ಟ ದುಡ್ಡು ವಸೂಲಾಗುವ ತನಕ ಒಳಗೇ ಇರಬೇಕು ಅನಿಸುತ್ತದೆ. ಮಂಡಿ ನೋಯುತ್ತಿದ್ದರೂ ನಡೆಯಬೇಕು, ಅರ್ಥವಾಗದಿದ್ದರೂ ನೋಡಬೇಕು, ಮೊಮ್ಮಗು ಅತ್ತರೂ ಸುಮ್ಮನಿರಿಸಿ ಮುಂದೆ ಹೋಗಬೇಕು. ಬಿಟ್ಟಿ ಜಾಗದಲ್ಲಿ ಈ ಗೋಳಿಲ್ಲ. ಅರ್ಧ ಗಂಟೆ ಕೂತು ಎದ್ದು ಬರಬಹುದು, ನಾಳೆ ಮತ್ತೆ ಹೋಗಬಹುದು. ನಾಲ್ಕು ತಿಂಗಳು ಅಲ್ಲೇ ಇರುವವರಿಗೆ ಮೂರು ದಿನದ ಓಟ ಯಾಕೆ ಬೇಕು?

ಬಿಟ್ಟಿ ಅಂದರೆ ಯಾರೋ ಕೊಟ್ಟ ದಾನ ಅಲ್ಲ

ಲಂಡನ್‌ನ ದೊಡ್ಡ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಜ್ಞಾನದ ಮ್ಯೂಸಿಯಂ, ಪ್ರಾಣಿ ಪಕ್ಷಿಗಳ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಎಲ್ಲವೂ. ಒಳಗಿನ ವಿಶೇಷ ಪ್ರದರ್ಶನಗಳಿಗೆ ಮಾತ್ರ ಬೇರೆ ಟಿಕೆಟ್.

ಇದು ಅಲ್ಲಿಯ ರಾಜರ ದೊಡ್ಡ ಮನಸ್ಸಿನಿಂದ ಬಂದದ್ದು ಎಂದುಕೊಳ್ಳಬೇಡಿ. 1974ರಲ್ಲಿ ಸರ್ಕಾರ ಇವಕ್ಕೆ ಟಿಕೆಟ್ ಹಾಕಿತು, ಜನ ಒಪ್ಪಲಿಲ್ಲ, ಕೆಲವೇ ತಿಂಗಳಲ್ಲಿ ತೆಗೆಯಬೇಕಾಯಿತು. 1980ರ ದಶಕದಲ್ಲಿ ಕೆಲವು ಮ್ಯೂಸಿಯಂಗಳು ಮತ್ತೆ ಬಾಗಿಲಲ್ಲಿ ದುಡ್ಡು ಕೇಳತೊಡಗಿದವು. ವರ್ಷಗಟ್ಟಲೆ ವಾದ ನಡೆದು 2001ರ ಡಿಸೆಂಬರ್‌ನಲ್ಲಿ ಎಲ್ಲ ರಾಷ್ಟ್ರೀಯ ಮ್ಯೂಸಿಯಂಗಳೂ ಉಚಿತವಾದವು. ಹೊರದೇಶದವರಿಂದಲಾದರೂ ದುಡ್ಡು ತೆಗೆದುಕೊಳ್ಳೋಣ ಎಂಬ ಮಾತು ಈಗಲೂ ಆಗಾಗ ಏಳುತ್ತದೆ. ಹೋಗುವ ಮುಂಚೆ ಆಯಾ ಮ್ಯೂಸಿಯಂನ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ.

ಈ ಉಚಿತದ ಖರ್ಚು ಎಲ್ಲಿಂದ ಬರುತ್ತದೆ? ದೊಡ್ಡ ಪಾಲು ತೆರಿಗೆಯಿಂದ. ಅಲ್ಲಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನಿಮ್ಮ ಮಗಳ ಸಂಬಳದಿಂದ ತಿಂಗಳು ತಿಂಗಳು ತೆರಿಗೆ ಮುರಿದುಕೊಳ್ಳುತ್ತಾರೆ. ಮ್ಯೂಸಿಯಂನ ದೀಪಕ್ಕೆ, ಕಾವಲಿಗೆ, ಕಸ ಗುಡಿಸುವವರ ಸಂಬಳಕ್ಕೆ ಅವಳದ್ದೂ ಪಾಲಿದೆ. ನೀವು ಅವಳ ಅಪ್ಪ ಅವ್ವ. ತಲೆ ಎತ್ತಿಕೊಂಡು ಒಳಗೆ ಹೋಗಿ.

ತಾತ ಮುತ್ತಾತಂದಿರು ಕಟ್ಟಿದ್ದು

ಇನ್ನೂ ಹಿಂದಿನ ಲೆಕ್ಕ ಒಂದಿದೆ. ನೀವು ಮಂಡ್ಯ ಕಡೆಯವರು, ಶ್ರೀರಂಗಪಟ್ಟಣ ನಿಮ್ಮ ಪಕ್ಕದಲ್ಲೇ ಇದೆ. 1792ರಲ್ಲಿ ಅಲ್ಲಿ ನಡೆದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ತನ್ನ ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಅದು ತೀರುವ ತನಕ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ, ಪಟ್ಟಣ ಲೂಟಿಯಾಯಿತು. ಅರಮನೆಯ ಖಜಾನೆಯನ್ನು ಪಟ್ಟಿ ಮಾಡಿ, ಬೆಲೆ ಕಟ್ಟಿ, ದೊಡ್ಡ ಅಧಿಕಾರಿಯಿಂದ ಸಿಪಾಯಿಯ ತನಕ ಪಾಲು ಹಂಚಿದರು. ಆಮೇಲೆ ಪಟ್ಟಕ್ಕೆ ಬಂದ ಒಡೆಯರ ಸಂಸ್ಥಾನ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಚಿನ್ನದ ನಾಣ್ಯ, ಈಸ್ಟ್ ಇಂಡಿಯಾ ಕಂಪನಿಗೆ ಕಪ್ಪ ಕಟ್ಟಬೇಕೆಂದು ಬರೆದುಕೊಂಡರು.

ದಂಡದ ದುಡ್ಡಾಗಲಿ ಕಪ್ಪದ ದುಡ್ಡಾಗಲಿ ಕೊನೆಗೆ ಬಂದದ್ದು ಹೊಲದಿಂದ. ರಾಗಿ ಬೆಳೆದವನು, ಭತ್ತ ಬೆಳೆದವನು ಕೊಟ್ಟ ಕಂದಾಯದಿಂದ.

ಆ ಕಂಪನಿಯ ಹೆಡ್ ಆಫೀಸು ಲಂಡನ್‌ನ ಲೆಡನ್‌ಹಾಲ್ ಬೀದಿಯಲ್ಲಿತ್ತು. 1861ರಲ್ಲಿ ಅದನ್ನು ಕೆಡವಿದರು. ಈಗ ಆ ಜಾಗದಲ್ಲಿ ವಿಮೆ ವ್ಯವಹಾರದ ಲಾಯ್ಡ್ಸ್ ಕಟ್ಟಡ ನಿಂತಿದೆ. ಪೈಪು, ಲಿಫ್ಟು ಎಲ್ಲ ಹೊರಗೆ ಕಾಣುವ ಉಕ್ಕಿನ ಕಟ್ಟಡ. ಪಕ್ಕದಲ್ಲೇ ಹಳೇ ಲೆಡನ್‌ಹಾಲ್ ಮಾರ್ಕೆಟ್, ಬಣ್ಣದ ಸೂರಿನದು, ನೋಡಲು ಚೆಂದ. ಯಾವ ಪಾಂಪ್ಲೆಟ್ಟೂ ನಿಮ್ಮನ್ನು ಇಲ್ಲಿಗೆ ಕರೆದುಕೊಂಡು ಬರುವುದಿಲ್ಲ. ನೀವು ಹೋಗಿ. ರಸ್ತೆ ಬದಿ ನಿಂತು, "ನಮ್ಮೂರ ಕಂದಾಯ ಇಲ್ಲಿ ಲೆಕ್ಕಕ್ಕೆ ಸೇರುತ್ತಿತ್ತು" ಎಂದು ಮಗಳಿಗೆ ಹೇಳಿ.

ಹುಲಿಯನ್ನು ನೋಡಿ, ಪ್ರಶ್ನೆಯನ್ನೂ ಕೇಳಿ

ಶ್ರೀರಂಗಪಟ್ಟಣದ ಅರಮನೆಯ ಸಂಗೀತದ ಕೋಣೆಯಲ್ಲಿ ಸೈನಿಕರಿಗೆ ಒಂದು ಮರದ ಹುಲಿ ಸಿಕ್ಕಿತು. ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ದೊಡ್ಡದು. ಬಿದ್ದಿರುವ ಬಿಳಿಯನೊಬ್ಬನ ಮೇಲೆರಗಿ ಕುತ್ತಿಗೆಗೆ ಬಾಯಿ ಹಾಕಿದೆ. ಹೊಟ್ಟೆಯೊಳಗೆ ತಿದಿ, ಕೊಳವೆಗಳ ಯಂತ್ರ. ಹಿಡಿ ತಿರುಗಿಸಿದರೆ ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ನರಳಾಟ ಕೇಳುತ್ತದೆ, ಹುಲಿ ಗುರುಗುಟ್ಟುತ್ತದೆ. 1790ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಮಾಡಿದ್ದು.

ಅದನ್ನು ಹಡಗಿಗೆ ಹಾಕಿ ಲೆಡನ್‌ಹಾಲ್ ಬೀದಿಯ ಆಫೀಸಿಗೆ ಸಾಗಿಸಿದರು. 1808ರಿಂದ ಅಲ್ಲಿ ಪ್ರದರ್ಶನಕ್ಕೆ ಇಟ್ಟರು. ಬಂದ ಜನರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತ ಕೂತವರಿಗೆ ತಲೆನೋವಾಗಿತ್ತಂತೆ. 1880ರಲ್ಲಿ ಅದು ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಪಾಲಾಯಿತು. ಎರಡನೇ ಮಹಾಯುದ್ಧದ ಬಾಂಬಿಗೆ ಪೆಟ್ಟು ತಿಂದು ರಿಪೇರಿಯೂ ಆಯಿತು. ಹೋಗುವ ಮುಂಚೆ ಅದನ್ನು ಯಾವ ಗ್ಯಾಲರಿಯಲ್ಲಿ ಇಟ್ಟಿದ್ದಾರೆ, ಅದು ತೆರೆದಿದೆಯೇ ಎಂದು ಮಗಳಿಂದ ಫೋನಿನಲ್ಲಿ ನೋಡಿಸಿ. ಸೌತ್ ಕೆನ್ಸಿಂಗ್ಟನ್ ಸ್ಟೇಷನ್‌ನಲ್ಲಿ ಇಳಿದರೆ ನಾಲ್ಕು ಹೆಜ್ಜೆ.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂದು ನಮ್ಮಲ್ಲಿ ಜಗಳವಿದೆ. ಆ ಜಗಳ ನಮ್ಮ ಮನೆಯದು, ನಾವೇ ಆಡಿಕೊಳ್ಳೋಣ. ಆ ಹುಲಿ ಯುದ್ಧದ ಲೂಟಿ ಎಂಬ ಬಗ್ಗೆ ಮಾತ್ರ ಜಗಳವೇ ಇಲ್ಲ. ಮ್ಯೂಸಿಯಂನವರೂ ಅದನ್ನು ಮುಚ್ಚಿಡುವುದಿಲ್ಲ.

ಹಾಗಾದರೆ ಯಾಕೆ ವಾಪಸ್ ಕೊಡುವುದಿಲ್ಲ ಎಂದು ಕೇಳಿದರೆ, ಕಾನೂನು ಬಿಡುವುದಿಲ್ಲ ಎನ್ನುತ್ತಾರೆ. ನಿಜ. ಬ್ರಿಟಿಷ್ ಮ್ಯೂಸಿಯಂಗೆ 1963ರ ಕಾನೂನು, ಈ ಮ್ಯೂಸಿಯಂಗೆ 1983ರ ಕಾನೂನು, ಸಂಗ್ರಹದಲ್ಲಿರುವುದನ್ನು ಸುಲಭಕ್ಕೆ ಬಿಟ್ಟುಕೊಡದಂತೆ ಕೈ ಕಟ್ಟಿವೆ. 2024ರಲ್ಲಿ ಆಫ್ರಿಕಾದ ಘಾನಾ ದೇಶಕ್ಕೆ, ಅಲ್ಲಿಯ ಅಸಾಂಟೆ ರಾಜರಿಂದ ಕಿತ್ತುಕೊಂಡಿದ್ದ ಚಿನ್ನದ ಒಡವೆಗಳನ್ನು ಈ ಎರಡು ಮ್ಯೂಸಿಯಂಗಳು ಕಳಿಸಿದವು. ಹೇಗೆ ಗೊತ್ತೆ? ಸಾಲವಾಗಿ! ಕಿತ್ತುಕೊಂಡವರು ಕಳೆದುಕೊಂಡವರಿಗೆ ಸಾಲ ಕೊಟ್ಟರು, ವಾಯಿದೆ ಹಾಕಿ. ಊರಲ್ಲಿ ಯಾರಾದರೂ ನಿಮ್ಮ ಎತ್ತು ಹೊಡೆದುಕೊಂಡು ಹೋಗಿ, ಉಗಾದಿಗೆ ಹೊನ್ನಾರು ಕಟ್ಟಲು ನಿಮಗೇ ಒಂದು ದಿನ ಬಾಡಿಗೆ ಇಲ್ಲದೆ ಕೊಟ್ಟರೆ, ಅವನಿಗೆ ದೊಡ್ಡ ಮನುಷ್ಯ ಅನ್ನುತ್ತೀರಾ?

ಕಾನೂನು ಆಕಾಶದಿಂದ ಬಿದ್ದಿಲ್ಲ. ಮಾಡಿದ್ದು ಅಲ್ಲಿಯ ಪಾರ್ಲಿಮೆಂಟು. ಅದು ಮನಸ್ಸು ಮಾಡಿದರೆ ಬದಲಾಗುತ್ತದೆ. ಆ ಪಾರ್ಲಿಮೆಂಟಿನ ಕಲಾಪವನ್ನು ಮೇಲಿನ ಗ್ಯಾಲರಿಯಲ್ಲಿ ಕೂತು ಯಾರು ಬೇಕಾದರೂ, ಹೊರದೇಶದವರೂ, ದುಡ್ಡಿಲ್ಲದೆ ನೋಡಬಹುದು. ಹೊರಗೆ ಸಾಲಲ್ಲಿ ನಿಲ್ಲಬೇಕು, ಚೀಲ ತಪಾಸಣೆ ಮಾಡುತ್ತಾರೆ, ಅಷ್ಟೇ. ಎದುರಿಗೇ ಇರುವ ಸುಪ್ರೀಂ ಕೋರ್ಟಿನಲ್ಲೂ ವಿಚಾರಣೆ ಕೇಳಲು ಕೂರಬಹುದು.

ನಾವು ಹೋಗಿ ಬರುವ ದಾರಿ

ಇನ್ನು ಪಾಂಪ್ಲೆಟ್‌ಗೆ ನಮ್ಮ ಬದಲಿ ಪಟ್ಟಿ. ವಾರಕ್ಕೊಂದು ದಿನ ಸಾಕು. ಬುತ್ತಿ ಕಟ್ಟಿಕೊಂಡು ಹೋಗಿ, ಪಾರ್ಕಿನಲ್ಲಿ ಕೂತು ಉಣ್ಣಿ.

ಮೊದಲನೇ ದಿನ ಪಾರ್ಲಿಮೆಂಟ್ ಚೌಕ. ಅಲ್ಲಿ ಗಾಂಧೀಜಿಯ ಪ್ರತಿಮೆ ಇದೆ, 2015ರಲ್ಲಿ ನಿಲ್ಲಿಸಿದ್ದು. ಅದೇ ಚೌಕದಲ್ಲಿ ಚರ್ಚಿಲ್ ಕೂಡ ಇದ್ದಾನೆ, 1931ರಲ್ಲಿ ಗಾಂಧೀಜಿಯನ್ನು ಅರೆಬೆತ್ತಲೆ ಫಕೀರ ಎಂದು ಆಡಿಕೊಂಡವನು. ಇಬ್ಬರನ್ನೂ ನೋಡಿ. ಆಮೇಲೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ಇಳಿದರೆ ಥೇಮ್ಸ್ ನದಿ ದಂಡೆಯ ಗೋಡೆ ಉದ್ದಕ್ಕೂ ಕೆಂಪು ಹೃದಯದ ಚಿತ್ರಗಳು. ಕೊರೊನಾದಲ್ಲಿ ಸತ್ತವರಿಗಾಗಿ ಅವರ ಮನೆಯವರೇ ಬರೆದದ್ದು, ಒಂದೊಂದು ಜೀವಕ್ಕೆ ಒಂದೊಂದು. ಆ ವರ್ಷಗಳಲ್ಲಿ ನಿಮ್ಮ ಮಗಳಂಥವರೇ ಅಲ್ಲಿ ಆಸ್ಪತ್ರೆಗಳನ್ನು ಹಿಡಿದು ನಿಲ್ಲಿಸಿದ್ದು. ಅದೇ ದಂಡೆಯಲ್ಲಿ ಇನ್ನೂ ಮುಂದೆ ನಡೆದರೆ, ಲ್ಯಾಂಬೆತ್ ಸೇತುವೆ ಕಡೆ, ನಮ್ಮ ಬಸವಣ್ಣನ ಪ್ರತಿಮೆ. 2015ರ ನವೆಂಬರ್ 14ರಂದು ಅನಾವರಣವಾದದ್ದು. ಅದಕ್ಕೆ ಓಡಾಡಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲ್. ಹೊಳೆಯಾಚೆ ಪಾರ್ಲಿಮೆಂಟು, ಈಚೆ ಬಸವಣ್ಣ. ಇದಕ್ಕೆ ಯಾವ ಟಿಕೆಟ್ಟೂ ಇಲ್ಲ, ಬಾಗಿಲೂ ಇಲ್ಲ.

ಎರಡನೇ ದಿನ ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿ. ಪೂರ್ತಿ ನೋಡಲು ಹೋಗಬೇಡಿ. ಕಾನ್‌ಸ್ಟೇಬಲ್ ಎಂಬ ಚಿತ್ರಕಾರ 1821ರಲ್ಲಿ ಬರೆದ 'ದಿ ಹೇ ವೇನ್' ಎಲ್ಲಿದೆ ಎಂದು ಕೇಳಿ. ಹುಲ್ಲು ಸಾಗಿಸುವ ಖಾಲಿ ಗಾಡಿ ಹೊಳೆಯ ನೀರಲ್ಲಿ ನಿಂತಿದೆ, ಕುದುರೆಗಳು, ದಡದಲ್ಲಿ ಒಂದು ನಾಯಿ, ದೂರದ ಹೊಲದಲ್ಲಿ ಹುಲ್ಲು ಕೊಯ್ಯುವವರು. ಕಲೆ ಗೊತ್ತಿಲ್ಲದವರು ಎಂದು ಹಿಂಜರಿಯಬೇಡಿ. ಗಾಡಿ ಹೊಡೆದವರಿಗೆ ಆ ಚಿತ್ರ ಅರ್ಥವಾದಷ್ಟು ಬೇರೆಯವರಿಗೆ ಆಗಲಾರದು. ಗಾಲಿ ಯಾಕೆ ನೀರಲ್ಲಿ ನಿಲ್ಲಿಸುತ್ತಾರೆ ಎಂದು ನೀವೇ ಮಗಳಿಗೆ ಹೇಳಿಕೊಡುವಿರಿ.

ಅಲ್ಲಿಂದ ಸೋಹೊ ಕಡೆ ನಡೆದರೆ ಬ್ರಾಡ್‌ವಿಕ್ ಬೀದಿಯಲ್ಲಿ ಒಂದು ಹಳೇ ಮಾದರಿಯ ನೀರಿನ ಪಂಪು. ಅದಕ್ಕೆ ಹಿಡಿಯೇ ಇಲ್ಲ. 1854ರಲ್ಲಿ ಆ ಓಣಿಗಳಲ್ಲಿ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂದು ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ದ ಕಾಲ. ಜಾನ್ ಸ್ನೋ ಎಂಬ ಡಾಕ್ಟರ್ ಮನೆ ಮನೆ ವಿಚಾರಿಸಿ, ಸಾವು ಎಲ್ಲೆಲ್ಲಿ ಆಯಿತೆಂದು ನಕ್ಷೆ ಹಾಕಿ, ಈ ಪಂಪಿನ ನೀರೇ ಕಾರಣ ಎಂದು ತೋರಿಸಿದ. ಹಿಡಿ ಬಿಚ್ಚಿಸಿದ. ನೀರು ಕುದಿಸಿ ಕುಡಿಯಿರಿ ಎಂದು ಇವತ್ತು ನಮ್ಮೂರಿನ ಆಶಾ ಅಕ್ಕ ಹೇಳುವ ಮಾತಿಗೆ ಬಲ ಬಂದ ಜಾಗಗಳಲ್ಲಿ ಇದೂ ಒಂದು.

ಮೂರನೇ ದಿನ ಪ್ರಿಮ್‌ರೋಸ್ ಹಿಲ್. ಪುಟ್ಟ ಗುಡ್ಡ, ಮೇಲೆ ಹುಲ್ಲು, ಇಡೀ ಲಂಡನ್ ಕಾಣುತ್ತದೆ. ದೊಡ್ಡ ಚಕ್ರವೂ ದೂರದಲ್ಲಿ ಕಾಣುತ್ತದೆ, ಹತ್ತುವ ಖರ್ಚಿಲ್ಲದೆ. ಹತ್ತಿರದಲ್ಲೇ ಕಿಂಗ್ ಹೆನ್ರಿ ರಸ್ತೆಯ 10ನೇ ನಂಬರ್ ಮನೆ. 1921–22ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಓದಲು ಬಂದಾಗ ಇದ್ದ ಮನೆ. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡು ಸ್ಮಾರಕ ಮಾಡಿದೆ. ತೆರೆದಿರುವ ಸಮಯ ಕೇಳಿಕೊಂಡು ಹೋಗಿ. ಊರ ಬಾವಿ ಮುಟ್ಟಗೊಡದ ದೇಶದಿಂದ ಬಂದ ಹುಡುಗ ಇಲ್ಲಿ ಪುಸ್ತಕ ಇಟ್ಟುಕೊಂಡು ಕೂತಿದ್ದ ಎಂಬುದಕ್ಕಿಂತ ದೊಡ್ಡ ನೋಟ ಆ ಟವರಿನೊಳಗೆ ಏನಿದೆ?

ನಾಲ್ಕನೇ ದಿನ ಗ್ರೀನಿಚ್. ಗುಡ್ಡದ ಮೇಲಿನ ವೀಕ್ಷಣಾಲಯದ ಒಳಗೆ ಹೋಗಲು ಟಿಕೆಟ್ ಇದೆ. ಪಾರ್ಕಿಗಿಲ್ಲ, ಗೇಟಿನ ಹೊರಗಿನ ಹಳೇ ಗಡಿಯಾರಕ್ಕೂ ಇಲ್ಲ. ಇಡೀ ಲೋಕದ ಗಂಟೆಯನ್ನು ಈ ಗುಡ್ಡದಿಂದ ಎಣಿಸಬೇಕೆಂದು 1884ರಲ್ಲಿ ತೀರ್ಮಾನವಾಯಿತು. ನಿಮ್ಮ ಫೋನಿನಲ್ಲಿ ಈಗ ಕಾಣುವ ಸಮಯ ಇಲ್ಲಿಂದ ಐದೂವರೆ ಗಂಟೆ ಮುಂದೆ ಎಂದು ಲೆಕ್ಕ ಹಾಕಿದ್ದು.

ಇನ್ನೊಂದು ದಿನ ಸಿಕ್ಕರೆ ಬ್ರಿಕ್ ಲೇನ್ ಮಸೀದಿ. 1743ರಲ್ಲಿ ಫ್ರಾನ್ಸ್‌ನಿಂದ ಓಡಿ ಬಂದ ಕ್ರೈಸ್ತರು ಕಟ್ಟಿದ ಪ್ರಾರ್ಥನಾ ಮಂದಿರ. 1898ರಲ್ಲಿ ಯಹೂದಿಗಳ ಗುಡಿ ಆಯಿತು. 1976ರಲ್ಲಿ ಬಾಂಗ್ಲಾದವರ ಮಸೀದಿ ಆಯಿತು. ಗೋಡೆ ಅದೇ. ಬಡವರಾಗಿ ಬಂದು ದುಡಿದ ಜನ ಒಬ್ಬರಾದ ಮೇಲೆ ಒಬ್ಬರು ಅಲ್ಲಿ ಕೈ ಮುಗಿದರು.

ಓಡಾಡಲು ಟೂರಿಸ್ಟ್ ಬಸ್ಸು ಬೇಡ. ಸಾಮಾನ್ಯ ಕೆಂಪು ಬಸ್ಸಿಗೆ 2025ರಲ್ಲಿ 1.75 ಪೌಂಡ್ ಚಾರ್ಜು ಇತ್ತು, ಒಂದು ಗಂಟೆಯೊಳಗೆ ಬಸ್ಸು ಬದಲಾಯಿಸಿದರೂ ಅಷ್ಟರಲ್ಲೇ ಆಗುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಬೇಕು. 15ನೇ ನಂಬರ್ ಬಸ್ಸಿನ ಮಹಡಿ ಮೇಲೆ ಮುಂದಿನ ಸೀಟಿನಲ್ಲಿ ಕೂತರೆ ಟ್ರಫಾಲ್ಗರ್ ಚೌಕದ ಕಡೆಯಿಂದ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ದಾಟಿ ಟವರ್ ತನಕ ಎಲ್ಲ ಕಾಣುತ್ತದೆ. ಟವರನ್ನು ಹೊರಗಿನಿಂದ ನೋಡಿ, ಟವರ್ ಬ್ರಿಡ್ಜ್ ಮೇಲೆ ನಡೆದು ಬನ್ನಿ. ರಸ್ತೆ ಅಂಚಿನಲ್ಲಿ ಫೋನ್ ಕೈಯಲ್ಲಿ ಹಿಡಿದು ನಿಲ್ಲಬೇಡಿ, ಸೈಕಲ್ ಮೇಲೆ ಬಂದು ಕಿತ್ತುಕೊಂಡು ಹೋಗುತ್ತಾರೆ. ಕಳ್ಳರು ಮಾಜಿ ಕಂಪನಿಯಲ್ಲಿ ಮಾತ್ರ ಇದ್ದರು ಎಂದುಕೊಳ್ಳಬೇಡಿ.

ಎರಡು ಕಡೆಯವರಿಗೂ ನಮ್ಮ ಉತ್ತರ

ಇದನ್ನು ಓದಿ ಎರಡು ಥರದ ಮಾತು ಬರುತ್ತದೆಂದು ಗೊತ್ತು.

ಒಂದು: "ಎಲ್ಲ ಕದ್ದ ಮಾಲು, ಅಲ್ಲಿ ನೋಡುವುದೇನಿದೆ?" ಅಣ್ಣಾ, ಕದ್ದ ಮಾಲು ಎಲ್ಲಿದೆ ಎಂದು ನೋಡಿಕೊಂಡು ಬರದೆ ದೂರು ಹೇಗೆ ಕೊಡುತ್ತೀರಿ? 1849ರಲ್ಲಿ ಹತ್ತು ವರ್ಷದ ದುಲೀಪ್ ಸಿಂಗ್‌ನಿಂದ ಸಹಿ ಹಾಕಿಸಿ ಕೋಹಿನೂರ್ ತೆಗೆದುಕೊಂಡರು. ಅದನ್ನು ನೋಡಲು ಈಗ ನಮ್ಮಿಂದಲೇ ಟಿಕೆಟ್ ದುಡ್ಡು ಕೇಳುತ್ತಾರೆ. ಆ ದುಡ್ಡು ಕೊಡಬೇಡಿ ಎನ್ನುವುದು ನಮ್ಮ ಸಲಹೆ. ಮಗಳಿಗೆ ಇತಿಹಾಸದ ಹುಚ್ಚಿದ್ದು ಟವರ್ ನೋಡಲೇಬೇಕೆಂದರೆ ಒಮ್ಮೆ ಹೋಗಿ, ತಪ್ಪೇನಿಲ್ಲ. ಸಾವಿರ ವರ್ಷಕ್ಕೆ ಹತ್ತಿರವಾದ ಕೋಟೆ ಅದು. ವಜ್ರಕ್ಕಾಗಿ ಮಾತ್ರ ಹೋಗಬೇಡಿ.

ಇನ್ನೊಂದು ಮಾತು ನಮಗೆ ಇನ್ನೂ ಸಿಟ್ಟು ತರಿಸುವಂಥದ್ದು. ಹೋಗಿ ಬಂದವರು ಅರಳಿಕಟ್ಟೆ ಮೇಲೆ ಕೂತು ಹೇಳುವುದು: "ಅಬ್ಬಾ, ಏನು ಸ್ವಚ್ಛ, ಏನು ಶಿಸ್ತು! ನಮ್ಮ ಜನಕ್ಕೆ ಈ ಜನ್ಮದಲ್ಲಿ ಬರಲ್ಲ ಬಿಡು." ರೀಲ್ಸ್ ಮಾಡುವವರದ್ದೂ ಇದೇ ರಾಗ.

ಆ ಥೇಮ್ಸ್ ನದಿ 1858ರ ಬೇಸಿಗೆಯಲ್ಲಿ ಎಷ್ಟು ನಾರಿತ್ತೆಂದರೆ, ಪಾರ್ಲಿಮೆಂಟಿನ ಕಿಟಕಿ ಪರದೆಗಳನ್ನು ಸುಣ್ಣದ ಔಷಧಿಯಲ್ಲಿ ಅದ್ದಿ ತೂಗುಹಾಕಿದ್ದರು. ಇಡೀ ಊರಿನ ಕಕ್ಕಸು ನದಿಗೆ ಬೀಳುತ್ತಿತ್ತು, ಅದೇ ನದಿಯ ನೀರನ್ನು ಜನ ಕುಡಿಯುತ್ತಿದ್ದರು. ಮೂಗಿಗೆ ಬಡಿದ ಮೇಲೆ ಸಂಸದರು ವಾರಗಳಲ್ಲೇ ಕಾನೂನು ಮಾಡಿದರು, ದುಡ್ಡು ಕೊಟ್ಟರು. ಬ್ಯಾಜಲ್‌ಗೆಟ್ ಎಂಬ ಎಂಜಿನಿಯರ್ ಊರಡಿಯಲ್ಲಿ ಇಟ್ಟಿಗೆಯ ದೊಡ್ಡ ಚರಂಡಿಗಳನ್ನು ಕಟ್ಟಿಸಿದ. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ರಸ್ತೆಯ ಅಡಿಯಲ್ಲಿ ಹರಿಯುವುದು ಅದೇ ಚರಂಡಿ. ಅವನ ಮುಖದ ಶಿಲ್ಪವೂ ಅಲ್ಲೇ ದಂಡೆಯಲ್ಲಿದೆ. ಅಷ್ಟಾದರೂ 1957ರಲ್ಲಿ ಆ ನದಿಯಲ್ಲಿ ಜೀವವೇ ಇಲ್ಲ ಎಂದು ವಿಜ್ಞಾನಿಗಳು ಹೇಳಿದ್ದರು. ಮತ್ತೆ ಕಾನೂನು, ಮತ್ತೆ ಖರ್ಚು. ಈಗ ಅದರಲ್ಲಿ ಮೀನಿದೆ, ಸೀಲ್ ಎಂಬ ನೀರುನಾಯಿಯಂಥ ಪ್ರಾಣಿ ಬರುತ್ತದೆ. ಇವತ್ತಿಗೂ ಜೋರು ಮಳೆ ಬಂದಾಗ ಕೊಳಚೆ ನದಿಗೆ ಬಿಡುತ್ತಾರೆಂದು ಅಲ್ಲಿ ಜಗಳ ನಡೆಯುತ್ತಿದೆ. ಅದಕ್ಕೆಂದೇ 25 ಕಿಲೋಮೀಟರ್ ಉದ್ದದ ಹೊಸ ಸುರಂಗ 2025ರಲ್ಲಿ ಪೂರ್ತಿ ಕೆಲಸ ಶುರು ಮಾಡಿತು.

ಶಿಸ್ತು ಅವರ ರಕ್ತದಲ್ಲಿ ಬಂದದ್ದಾದರೆ ನದಿ ಯಾಕೆ ನಾರುತ್ತಿತ್ತು? ಜನ ಸತ್ತರು, ಕೂಗಿದರು, ಕೊನೆಗೆ ಆಳುವವರು ದುಡ್ಡು ಬಿಚ್ಚಿದರು, ಚರಂಡಿ ಆಯಿತು. ಆ ದುಡ್ಡಿನ ಹಿಂದೆ ನಮ್ಮಂಥ ದೇಶಗಳಿಂದ ಹೋದ ಸಂಪತ್ತೂ ಇತ್ತೆಂಬುದನ್ನು ಮರೆಯಬೇಡಿ. ಅರಳಿಕಟ್ಟೆಯಲ್ಲಿ ಕೂತು ನಮ್ಮ ಜನವನ್ನು ಬೈಯುವವರು ಈ ಕಥೆಯ ಅರ್ಧವನ್ನು ಮಾತ್ರ ನೋಡಿ ಬಂದವರು. ಅವರಿಗೆ ಟೂರ್ ಗೈಡು ತೋರಿಸಿದ್ದೇ ಅಷ್ಟು.

ಹೋಗಿ ಬನ್ನಿ

ಇನ್ನೊಂದು ಮಾತನ್ನು ನಿಮ್ಮ ಮಗಳಿಗೇ ಹೇಳಬೇಕು. ಅಕ್ಕಾ, ಅಪ್ಪ ಅವ್ವನನ್ನು ಮೂರು ದಿನ ಟಿಕೆಟ್ ಕೊಟ್ಟು ಸುತ್ತಾಡಿಸಿ, ಉಳಿದ ನಾಲ್ಕು ತಿಂಗಳು ಮಗುವಿನ ಜೊತೆ ಫ್ಲಾಟಿನಲ್ಲಿ ಬಿಟ್ಟು ಹೋಗಬೇಡಿ. ಎಷ್ಟೋ ಹಿರಿಯರು ಲಂಡನ್‌ನಿಂದ ನೆನಪಿಟ್ಟುಕೊಂಡು ಬರುವುದು ಕಿಟಕಿ ಮತ್ತು ಚಳಿ. ಒಂದು ಬಸ್ ಕಾರ್ಡ್ ಮಾಡಿಸಿಕೊಡಿ. ಮನೆ ವಿಳಾಸ ಚೀಟಿಯಲ್ಲಿ ಬರೆದು ಜೇಬಿಗಿಡಿ. ಮೊದಲ ಸಲ ಜೊತೆಗೆ ಹೋಗಿ ಹತ್ತಿರದ ಪಾರ್ಕು, ಬಸ್ ಸ್ಟಾಪು ತೋರಿಸಿ. ಎರಡನೇ ಸಲ ಅವರೇ ಹೋಗುತ್ತಾರೆ. ಸಂತೆಗೆ ಎತ್ತು ಹೊಡೆದುಕೊಂಡು ಹೋಗಿ ವ್ಯಾಪಾರ ಮಾಡಿ ಬಂದವರಿಗೆ ಬಸ್ ನಂಬರ್ ಓದಿ ಹತ್ತುವುದು ದೊಡ್ಡದಲ್ಲ.

ಯಜಮಾನ್ರೇ, ನಿಮಗೆ ಕೊನೆಯದಾಗಿ. ಅಲ್ಲಿ ಬಾಯಿ ಬಿಟ್ಟು ನೋಡುತ್ತ ನಿಲ್ಲಬೇಡಿ, ಬಾಯಿ ಬಿಟ್ಟು ಕೇಳಿ. ಇದು ಎಲ್ಲಿಂದ ಬಂತು? ಯಾರು ತಂದರು? ಎಷ್ಟಕ್ಕೆ ತಂದರು? ನೋಡಿಕೊಳ್ಳುವ ಖರ್ಚು ಯಾರದು? ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ ಮಗಳನ್ನು ಕೇಳಿ, ಅವಳು ಕಾವಲಿನವರನ್ನು ಕೇಳಲಿ. ಹುಲಿಯ ಮುಂದೆ ನಿಂತಾಗ "ನಾವು ಈ ಹುಲಿಯ ಊರಿನವರು" ಎಂದು ಹೇಳಲು ಮರೆಯಬೇಡಿ. ಅಲ್ಲಿಗೆ ಬರುವ ಸಾವಿರಾರು ಜನರಲ್ಲಿ ಹಾಗೆ ಹೇಳುವ ಹಕ್ಕಿರುವವರು ಕೆಲವರೇ.

ಬಂದ ಮೇಲೆ ನಮಗೊಂದು ವಾಯ್ಸ್ ಮೆಸೇಜ್ ಹಾಕಿ. ಏನು ಕೇಳಿದಿರಿ, ಯಾರು ಏನು ಉತ್ತರ ಕೊಟ್ಟರು ಎಂದು ಹೇಳಿ. ಅದನ್ನೂ ಇಲ್ಲೇ ಬರೆಯುತ್ತೇವೆ. ಪಾಂಪ್ಲೆಟ್‌ನ 33,000 ಉಳಿದರೆ ಅವ್ವನಿಗೆ ಒಂದು ಒಳ್ಳೆಯ ಉಣ್ಣೆ ಕೋಟು ಕೊಡಿಸಿ. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ.